ಯೋಜನೆಯ ಪಾಠವೂ ಮನಸ್ಸಿನ ಒಲವೂ



ಈ ಸ್ಮರಣ ಸಂಚಿಕೆಗಾಗಿ ನಾವೂ ನಾಲ್ಕು ಮಾತುಗಳನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪೇಕ್ಷಿಸಿದರು. ಶಾಲೆಯ ಕಟ್ಟಡ, ಪರೀಕ್ಷೆಯ ಫಲಿತಾಂಶ, ಆಟಗಳಲ್ಲಿ ಗಳಿಸಿದ ಢಾಲುಗಳು, ಇವೆಲ್ಲ ವಾರ್ಷಿಕ ವರದಿಯಲ್ಲಿ ಹೇಗೂ ಬರುತ್ತವಷ್ಟೆ. ಆದುದರಿಂದ ಪಾಲಕರು ನಮ್ಮನ್ನು ಮೇಲಿಂದ ಮೇಲೆ ಕೇಳುವ ಒಂದು ಪ್ರಶ್ನೆಯನ್ನೇ ನಾವು ವಿಷಯವಾಗಿ ಆರಿಸಿಕೊಂಡಿದ್ದೇವೆ. “ಅಕ್ಕೋರ, ಈ ಪ್ರಾಜೆಕ್ಟು ಮಾಡೂದರಿಂದ ಹುಡುಗಿಗೆ ಏನು ಬರ್ತದ್ರಿ?” ಎಂಬುದೇ ಆ ಪ್ರಶ್ನೆಯು. ಮಗಳ ವಿದ್ಯೆಗಾಗಿ ದುಡ್ಡನ್ನೂ ಕಾಲವನ್ನೂ ವ್ಯಯಿಸುವವರಿಗೆ ಹೀಗೆ ಕೇಳುವ ಹಕ್ಕು ಇದ್ದೇ ಇದೆ. ಅದಕ್ಕೆ ನಿಂತ ನಿಲುವಿನಲ್ಲಿ ಉತ್ತರ ಹೇಳಿ ಕಳುಹಿಸುವುದು ಸರಿಯಲ್ಲ. ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಯೋಜನಾಪದ್ಧತಿಯೆಂಬುದು ನಿನ್ನೆ ಮೊನ್ನೆ ಹುಟ್ಟಿದ ಮಾತಲ್ಲ. ಅಮೇರಿಕೆಯ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ವಿಲಿಯಂ ಹರ್ಡ್ ಕಿಲ್‌ಪ್ಯಾಟ್ರಿಕ್ ಎಂಬವರು ೧೯೧೮ರಲ್ಲಿ ಈ ಹೆಸರಿನಿಂದಲೇ ಒಂದು ಲೇಖನವನ್ನು ಬರೆದರು. ಅದರಲ್ಲಿ ಅವರು ತೆಗೆದುಕೊಂಡ ಒಂದು ಉದಾಹರಣೆಯು ಹೆಣ್ಣುಮಕ್ಕಳ ಶಾಲೆಯವರಾದ ನಮಗೆ ಬಹಳ ಹತ್ತಿರದ್ದು. ಒಬ್ಬ ಹುಡುಗಿಯು ಉಡುಪೊಂದನ್ನು ಹೊಲಿಯಬೇಕೆಂದು ತಾನೇ ಮನಃಪೂರ್ವಕವಾಗಿ ಸಂಕಲ್ಪಿಸಿ, ತಾನೇ ಅದನ್ನು ಯೋಜಿಸಿ, ತನ್ನ ಕೈಯಿಂದಲೇ ಹೊಲಿದು ಮುಗಿಸಿದರೆ ಅದೇ ನಿಜವಾದ ಯೋಜನೆಯು ಎಂದು ಅವರು ಹೇಳಿದರು. ಬಲವಂತಕ್ಕೆ ಮಾಡಿದ ಕೆಲಸವು ಎಷ್ಟು ಅಂದವಾಗಿದ್ದರೂ ಆ ಹೆಸರಿಗೆ ಸಲ್ಲದೆಂಬುದು ಅವರ ವಾದದ ಸಾರವು. ಮಿಶನ್ ಶಾಲೆಗಳಲ್ಲಿ ಓದಿದ ನಮ್ಮಂಥವರೆಲ್ಲರೂ ಹೊಲಿಗೆಯ ತಾಸಿನಲ್ಲಿ ಕರವಸ್ತ್ರದ ಅಂಚಿಗೆ ಕಸೂತಿ ಹಾಕಿದವರೇ. ನಲವತ್ತು ಹುಡುಗಿಯರು, ನಲವತ್ತು ಕರವಸ್ತ್ರಗಳು, ಒಂದೇ ನಮೂನೆಯ ಗೋಪುರ! ಆ ಕೈಗೆಲಸವನ್ನು ನಾವು ಹಳಿಯುವುದಿಲ್ಲ. ಅದರಿಂದ ನಮ್ಮ ಬೆರಳುಗಳಿಗೆ ಶಿಸ್ತು ಬಂದಿತು. ಆದರೆ ಗೋಪುರದ ಬದಲು ನವಿಲನ್ನು ಹಾಕಬೇಕೆಂದು ಯಾರಿಗಾದರೂ ಮನಸ್ಸಿದ್ದೀತೆಂಬ ಯೋಚನೆಯು ಆ ಕಾಲದಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಈಗಿನ ಸ್ಥಿತಿಯನ್ನು ನೋಡಲಾಗಿ, ಯೋಜನೆಯೆಂಬುದು ಹೆಸರಿಗೆ ಎಲ್ಲ ಕಡೆಯಲ್ಲಿಯೂ ಬಂದಿದೆ. ಎಸ್.ಎಸ್.ಎಲ್.ಸಿ.ಯಲ್ಲಿ ಪ್ರಥಮ ಭಾಷೆಯೊಂದನ್ನು ಬಿಟ್ಟು ಉಳಿದ ಒಂದೊಂದು ವಿಷಯಕ್ಕೆ ಬರವಣಿಗೆಯ ಪರೀಕ್ಷೆಗೆ ೮೦ ಅಂಕಗಳು, ಶಾಲೆಯೊಳಗಿನ ಮೌಲ್ಯಮಾಪನಕ್ಕೆ ೨೦ ಅಂಕಗಳು ಇರುವುದನ್ನು ನೀವು ಬಲ್ಲಿರಿ. ಆ ೨೦ ಅಂಕಗಳ ಸಲುವಾಗಿ ಪೇಟೆಯ ಅಂಗಡಿಗಳಲ್ಲಿ ಸಿದ್ಧವಾದ ಚಾರ್ಟುಗಳು ತೂಗಾಡುತ್ತವೆ. ಥರ್ಮೊಕೋಲಿನ ಜ್ವಾಲಾಮುಖಿಯನ್ನು ಅಪ್ಪನು ಕೊರೆದುಕೊಡುತ್ತಾನೆ. ಅಂತರ್ಜಾಲದಿಂದ ತೆಗೆದ ಹಾಳೆಗಳನ್ನು ಅಣ್ಣನು ಮುದ್ರಿಸಿ ತರುತ್ತಾನೆ. ಹುಡುಗಿಯು ಹೊದಿಕೆಯ ಮೇಲೆ ತನ್ನ ಹೆಸರನ್ನು ಮಾತ್ರ ಬರೆಯುತ್ತಾಳೆ. ಇಂಥ ಪ್ರಾಜೆಕ್ಟಿನಿಂದ ಏನು ಬರುತ್ತದೆಂದು ಕೇಳಿದರೆ, ಏನೂ ಬರುವುದಿಲ್ಲವೆಂದೇ ನಾವು ಉತ್ತರ ಕೊಡುವೆವು. ಅಲ್ಲಿ ಕಾಗದವಿದೆ, ಬಣ್ಣವಿದೆ, ಅಂಟಿದೆ. ಹುಡುಗಿಯ ಮನಸ್ಸೊಂದು ಇಲ್ಲ.

ಆದುದರಿಂದ ನಮ್ಮ ಶಾಲೆಯಲ್ಲಿ ವರ್ಷಾರಂಭದಲ್ಲಿಯೇ ಒಂಬತ್ತನೆಯ ಇಯತ್ತೆಯ ಪ್ರತಿಯೊಬ್ಬ ಹುಡುಗಿಯನ್ನೂ ಕರೆದು, ನೀನು ಯಾವುದನ್ನು ತಿಳಿದುಕೊಳ್ಳಬೇಕೆಂದಿರುವೆ ಎಂದು ಕೇಳುವ ಪದ್ಧತಿಯನ್ನು ಇಟ್ಟುಕೊಂಡಿದ್ದೇವೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕೂ ಕಡೆಗಳಿಂದ ನಮ್ಮಲ್ಲಿಗೆ ಮಕ್ಕಳು ಬರುತ್ತಾರೆ. ಊರು ಬೇರೆಯಾದರೂ ಹೆಚ್ಚಿನವರ ಮೊದಲನೆಯ ಉತ್ತರವು ಒಂದೇ: “ನೀವು ಹೇಳಿದ್ದು ಮಾಡ್ತೀನ್ರಿ, ಅಕ್ಕೋರ.” ಇದನ್ನು ವಿನಯವೆಂದು ಮೆಚ್ಚಿಕೊಳ್ಳುವುದು ಸುಲಭವು. ಆದರೆ ಈ ಉತ್ತರವನ್ನು ವರ್ಷವರ್ಷವೂ ಕೇಳಿದ ಮೇಲೆ ನಮಗೆ ಅದರಲ್ಲಿ ವಿನಯಕ್ಕಿಂತಲೂ ಬೇರೆ ಸಂಗತಿಯೇ ತೋರುತ್ತದೆ. ಹದಿನಾಲ್ಕು ವರ್ಷಗಳ ಆ ಬಾಳಿನಲ್ಲಿ, ನಿನಗೇನು ಬೇಕು ಎಂದು ಆ ಮಗುವನ್ನು ಯಾರೂ ಕೇಳಿರುವುದಿಲ್ಲ. ಉಡುವ ಬಟ್ಟೆ, ಓದುವ ಶಾಲೆ, ಮುಂದೆ ಸೇರುವ ಮನೆ, ಎಲ್ಲವೂ ಹಿರಿಯರ ಪ್ರೀತಿಯಿಂದಲೇ ಗೊತ್ತಾಗುತ್ತವೆ. ಪ್ರೀತಿಯಿಂದ ಗೊತ್ತಾದರೂ ಗೊತ್ತು ಮಾಡುವವರು ಬೇರೆಯವರೇ ಸರಿ.

ಆ ಉತ್ತರಕ್ಕೇ ನಾವು ನಿಲ್ಲುವುದಿಲ್ಲ. ಯಾರೂ ಹೇಳದೆ ನೀನು ಮಾಡುವ ಕೆಲಸ ಯಾವುದು? ಮನೆಯಲ್ಲಿ ಯಾವ ವಿಷಯಕ್ಕೆ ನೀನು ವಾದ ಮಾಡುತ್ತೀ? ದಿನಾಲು ಕಾಣುವ ಯಾವ ಸಂಗತಿಯು ನಿನಗೆ ಸರಿಯಾಗಿ ತಿಳಿದಿಲ್ಲ? ಹೀಗೆ ಕೇಳುತ್ತ ಹೋದರೆ ಒಂದು ವಾರದಲ್ಲಿಯೋ ಎರಡು ವಾರಗಳಲ್ಲಿಯೋ ನಿಜವಾದ ಮಾತು ಹೊರಬೀಳುತ್ತದೆ. ಆ ಮಾತನ್ನು ಪ್ರಶ್ನೆಯ ರೂಪದಲ್ಲಿ ನೋಟುಬುಕ್ಕಿನ ಮೊದಲನೆಯ ಪುಟದಲ್ಲಿ ಬರೆಯಿಸುತ್ತೇವೆ. ಶನಿವಾರದ ಕೊನೆಯ ಎರಡು ತಾಸುಗಳು ಅದಕ್ಕೆ ಮೀಸಲು. ಚಾರ್ಟನ್ನು ನಾವು ಕೇಳುವುದಿಲ್ಲ. ನೋಟುಬುಕ್ಕು ಒಂದೇ ಸಾಕು. ಅದರಲ್ಲಿ ಹೊಡೆದುಹಾಕಿದ ಸಾಲುಗಳಿದ್ದರೆ ನಮಗೆ ಇನ್ನಷ್ಟು ಸಂತೋಷವು.

ಬನಹಟ್ಟಿಯ ನೇಕಾರ ಮನೆತನದ ಒಬ್ಬ ಹುಡುಗಿಯ ಸಂಗತಿಯನ್ನು ಹೇಳುವೆವು. ಅವಳು ಲೆಕ್ಕದಲ್ಲಿ ಚುರುಕು. ಆಕೆಯ ಪ್ರಶ್ನೆಯು ಮಗ್ಗಕ್ಕೆ ಸಂಬಂಧಪಟ್ಟದ್ದೆಂದು ತಿಳಿದೊಡನೆಯೇ ತಂದೆಯು ಶಾಲೆಗೆ ಬಂದನು. “ಅಕ್ಕೋರ, ಮಗ್ಗದಾಗ ಕುಂದರಬಾರದು ಅಂತನ ಸಾಲಿಗೆ ಹಚ್ಚೀವಿ. ನೀವು ಸಾಲ್ಯಾಗೂ ಮಗ್ಗಾನ ಹಚ್ಚಿದ್ರ ಹ್ಯಾಂಗ್ರಿ?” ಎಂದನು. ಇದು ಹಗುರವಾದ ಆಕ್ಷೇಪವಲ್ಲ. ೧೯೩೭ರ ಅಕ್ಟೋಬರದಲ್ಲಿ ಮಹಾತ್ಮಾ ಗಾಂಧಿಯವರು ವರ್ಧಾದಲ್ಲಿ ಶಿಕ್ಷಣ ಪರಿಷತ್ತನ್ನು ಕೂಡಿಸಿ, ಕೈಕಸುಬಿನ ಮೂಲಕವೇ ಎಲ್ಲ ವಿದ್ಯೆಯನ್ನೂ ಕಲಿಸಬೇಕೆಂಬ ವಿಚಾರವನ್ನು ಮುಂದಿಟ್ಟರು. ಡಾಕ್ಟರ್ ಝಾಕೀರ ಹುಸೇನರ ಸಮಿತಿಯು ಅದಕ್ಕೆ ಅಭ್ಯಾಸಕ್ರಮವನ್ನು ರಚಿಸಿತು. ನೂಲುವುದು, ನೇಯುವುದು ಅದರಲ್ಲಿ ಮುಖ್ಯವಾದ ಕಸುಬುಗಳಾಗಿದ್ದವು. ಮಕ್ಕಳು ಶಾಲೆಯಲ್ಲಿಯೂ ಕೂಲಿಗಳಾದಾರೆಂಬ ಭಯವನ್ನು ಆಗಲೇ ಅನೇಕರು ತೋರಿಸಿದ್ದರು. ನಮ್ಮ ಬನಹಟ್ಟಿಯ ನೇಕಾರನು ಆ ಚರ್ಚೆಗಳನ್ನು ಓದಿದವನಲ್ಲ. ಕುಣಿಮಗ್ಗದ ತಗ್ಗಿನಲ್ಲಿ ಕಾಲಿಟ್ಟು ಕುಳಿತ ಅನುಭವದಿಂದಲೇ ಅವನಿಗೆ ಅದು ತಿಳಿದಿತ್ತು.

ನಾವು ಅವನಿಗೆ ಮಗಳ ನೋಟುಬುಕ್ಕಿನ ಮೊದಲನೆಯ ಪುಟವನ್ನು ತೋರಿಸಿದೆವು. “ಒಂದು ಸೀರಿಯೊಳಗ ನಮ್ಮವ್ವನ ಪಾಲು ಎಷ್ಟು?” ಎಂದು ಅಲ್ಲಿ ಬರೆದಿತ್ತು. ನೇಯ್ಗೆಯ ಮನೆಗಳಲ್ಲಿ ಕೂಲಿಯು ಸೀರೆಯ ಲೆಕ್ಕದಿಂದ ಬರುತ್ತದೆ. ಅದು ಮಗ್ಗದಲ್ಲಿ ಕುಳಿತವನ ಹೆಸರಿಗೆ ಬರುತ್ತದೆ. ನಸುಕಿನಿಂದ ರಾತ್ರಿಯ ವರೆಗೆ ಕಂಡಿಕೆ ಸುತ್ತುವ ತಾಯಿಗೆ ಬೇರೆ ಕೂಲಿಯಿಲ್ಲ. ಈ ಹುಡುಗಿಯು ಎರಡು ವಾರ ಗಡಿಯಾರವನ್ನು ಮುಂದಿಟ್ಟುಕೊಂಡು, ಒಂದು ಕಂಡಿಕೆಗೆ ಎಷ್ಟು ನಿಮಿಷ, ಒಂದು ಸೀರೆಯ ಹೊಕ್ಕಿಗೆ ಎಷ್ಟು ಕಂಡಿಕೆ ಎಂದು ಬರೆದಳು. ನೂಲಿನ ನಂಬರೆಂದರೆ ಏನೆಂಬುದನ್ನು ಗಣಿತದ ಶಿಕ್ಷಕಿಯೊಡನೆ ಕುಳಿತು ಬಿಡಿಸಿದಳು. ೮೪೦ ಗಜದ ಒಂದೊಂದು ಲಡಿಯಂತೆ ಒಂದು ಪೌಂಡಿಗೆ ಎಷ್ಟು ಲಡಿಗಳು ತೂಗುತ್ತವೆಯೋ ಅಷ್ಟು ಆ ಹತ್ತಿಯ ನೂಲಿನ ನಂಬರು. ೮೦ ನಂಬರಿನ ನೂಲು ಒಂದು ಪೌಂಡಿಗೆ ೬೭,೨೦೦ ಗಜವಾಗುತ್ತದೆ, ಅಂದರೆ ೬೧ ಕಿಲೋಮೀಟರಿಗೂ ಮಿಕ್ಕಿ. ಜಮಖಂಡಿಯಿಂದ ಬಿಚ್ಚುತ್ತ ಹೋದರೆ ಹೆಚ್ಚುಕಡಿಮೆ ವಿಜಯಪುರವನ್ನು ಮುಟ್ಟೀತು! ಅಷ್ಟೊಂದು ನೂಲು ತಾಯಿಯ ಬೆರಳುಗಳ ನಡುವೆ ಹಾದುಹೋಗುತ್ತದೆಂದು ತಿಳಿದ ದಿನ ಆ ಹುಡುಗಿಯು ಬಹಳ ಹೊತ್ತು ಮಾತಾಡಲಿಲ್ಲ.

ಹೀಗೆ ಮಗ್ಗದಲ್ಲಿ ಕುಳಿತುಕೊಳ್ಳುವುದೇ ಬೇರೆ, ಮಗ್ಗವನ್ನು ಮುಂದಿಟ್ಟುಕೊಂಡು ವಿಚಾರ ಮಾಡುವುದೇ ಬೇರೆ. ಅವಳ ಒಲವು ನೇಯ್ಗೆಯ ಮೇಲೆ ಇರಲಿಲ್ಲ, ಲೆಕ್ಕದ ಮೇಲೆ ಇತ್ತು. ಮಗ್ಗವು ಆ ಲೆಕ್ಕಕ್ಕೆ ಸಾಮಗ್ರಿಯನ್ನು ಕೊಟ್ಟಿತು. ನೇಕಾರನ ಮಗಳೆಂದು ನೇಯ್ಗೆಯ ಯೋಜನೆಯನ್ನು, ಒಕ್ಕಲಿಗನ ಮಗಳೆಂದು ಕಬ್ಬಿನ ಯೋಜನೆಯನ್ನು ಹಂಚಿಕೊಟ್ಟರೆ ಅದು ಒಲವನ್ನು ಗೌರವಿಸಿದಂತಾಗುವುದಿಲ್ಲ. ಹುಟ್ಟಿದ ಮನೆಗೇ ಮತ್ತೆ ಕಟ್ಟಿಹಾಕಿದಂತಾಗುತ್ತದೆ. ವರ್ಷದ ಕೊನೆಯಲ್ಲಿ ತಂದೆಯು ಆ ನೋಟುಬುಕ್ಕನ್ನು ತಿರುವಿಹಾಕಿ, “ನಮ್ಮ ಮನ್ಯಾಗಿನ ಲೆಕ್ಕ ನಮಗ ಗೊತ್ತಿರಲಿಲ್ರಿ” ಎಂದಷ್ಟೇ ನುಡಿದನು. ಆ ಮನೆಯಲ್ಲಿ ಅದರಿಂದ ಏನು ಬದಲಾಯಿತೆಂದು ನಾವು ಕೇಳಲಿಲ್ಲ. ಹುಡುಗಿಯನ್ನು ಮಾತ್ರ ಮುಂದೆ ವಾಣಿಜ್ಯ ಓದಲು ಕಳುಹಿಸಿಕೊಟ್ಟನು.

ಇಷ್ಟು ಹುಡುಗಿಯರ ಮಾತಾಯಿತು. ಇನ್ನು ಶಿಕ್ಷಕಿಯರ ಮಾತು. ಶಿಕ್ಷಕಿಗೆ ತನ್ನದೇ ಆದ ಹುಚ್ಚು ಒಂದಿರಬಹುದೆಂಬುದನ್ನು ತರಬೇತಿಯ ಕಾಲೇಜಿನಲ್ಲಿ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಪಾಠದ ಟಿಪ್ಪಣಿ, ಉದ್ದೇಶ, ಸಾಧನ, ಮೌಲ್ಯಮಾಪನ, ಇವುಗಳನ್ನು ನಾಲ್ಕು ಅಂಕಣಗಳಲ್ಲಿ ಬರೆಯುವುದನ್ನು ಕಲಿತೆವು. ಶಿಕ್ಷಕಿಯ ಪ್ರೀತಿಗೆ ಐದನೆಯ ಅಂಕಣವೇನೂ ಇರಲಿಲ್ಲ. ಆದರೆ ನಮ್ಮ ಅನುಭವದಲ್ಲಿ, ತಾನೇ ಏನನ್ನೂ ತಿಳಿದುಕೊಳ್ಳಲು ಹಂಬಲಿಸದ ಶಿಕ್ಷಕಿಯು ಮಕ್ಕಳಲ್ಲಿ ಹಂಬಲವನ್ನು ಹುಟ್ಟಿಸಲಾರಳು. ಮಕ್ಕಳು ನಮ್ಮ ಮಾತಿಗಿಂತಲೂ ನಮ್ಮ ಮುಖವನ್ನು ಹೆಚ್ಚಾಗಿ ಓದುತ್ತಾರೆ.

ನಮ್ಮ ಭೂಗೋಲದ ಶಿಕ್ಷಕಿಗೆ ನಕಾಶೆಗಳೆಂದರೆ ಪ್ರಾಣ. ಬೀಳಗಿ ತಾಲೂಕಿನಿಂದ ಬಂದ ಒಬ್ಬ ಹುಡುಗಿಗೆ ಮನಸ್ಸಿನಲ್ಲಿದ್ದ ಪ್ರಶ್ನೆಯೆಂದರೆ ಅವರ ಹಳೆಯ ಮನೆಯು ಎಲ್ಲಿತ್ತು ಎಂಬುದು. ಆಲಮಟ್ಟಿಯ ಹಿನ್ನೀರು ಕೃಷ್ಣೆಯ ದಂಡೆಯ ಎಷ್ಟೋ ಊರುಗಳನ್ನು ನುಂಗಿದ್ದು ನಿಮಗೆಲ್ಲರಿಗೂ ತಿಳಿದ ದುಃಖವೇ. ಈ ಹುಡುಗಿಯು ಹುಟ್ಟಿದ್ದು ಪುನರ್ವಸತಿ ಕೇಂದ್ರದಲ್ಲಿ. ಅಜ್ಜಿಯು ದಿನಕ್ಕೆ ನಾಲ್ಕು ಸಲ ನೆನೆಯುವ ಊರನ್ನು ಅವಳು ಕಂಡವಳಲ್ಲ. ಶಿಕ್ಷಕಿಯು ಅವಳಿಗೆ ಸಮೋನ್ನತಿ ರೇಖೆಯೆಂದರೆ ಏನೆಂದು ತಿಳಿಸಿದಳು. ಜಲಾಶಯದಲ್ಲಿ ನೀರು ನಿಲ್ಲುವ ಮಟ್ಟವು ಸಮುದ್ರಕ್ಕಿಂತ ೫೧೯.೬೦ ಮೀಟರು ಎತ್ತರ. ನಕಾಶೆಯ ಮೇಲೆ ಆ ಎತ್ತರದ ಗೆರೆಯನ್ನು ಎಳೆದರೆ ಅದೇ ಹಿನ್ನೀರಿನ ಅಂಚಾಗುತ್ತದೆ. ೨೦೧೦ರಲ್ಲಿ ಕೃಷ್ಣಾ ನ್ಯಾಯಮಂಡಳಿಯು ೫೨೪.೨೫೬ ಮೀಟರಿನ ವರೆಗೆ ನೀರು ನಿಲ್ಲಿಸಬಹುದೆಂದು ಹೇಳಿತು. ಆ ಎರಡು ಗೆರೆಗಳ ನಡುವಿನ ನೆಲವನ್ನು ಬಣ್ಣದಿಂದ ತುಂಬಿದಾಗ, ಪತ್ರಿಕೆಗಳಲ್ಲಿ ಬರುವ ಸಂಖ್ಯೆಗಳ ಅರ್ಥವು ಇಡೀ ವರ್ಗಕ್ಕೆ ಒಮ್ಮೆಲೇ ತಿಳಿಯಿತು.

ಬಳಿಕ ಆ ಹುಡುಗಿಯು ಹಿರಿಯರ ಬಾಯಿಂದ ಕೇಳಿ ಹಳೆಯ ಊರಿನ ನಕಾಶೆಯನ್ನು ಬರೆಯಲು ಕುಳಿತಳು. ಬಾವಿಯು ಗುಡಿಯ ಎಡಕ್ಕಿತ್ತೋ ಬಲಕ್ಕಿತ್ತೋ ಎಂಬುದರ ಮೇಲೆ ಇಬ್ಬರು ಹಿರಿಯರಿಗೆ ಜಗಳವೇ ಆಯಿತು. ಎರಡನ್ನೂ ಚುಕ್ಕೆಗೆರೆಯಿಂದ ತೋರಿಸು, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ತೋರಿಸುವುದೂ ನಕಾಶೆಯ ಧರ್ಮವೇ ಎಂದು ಶಿಕ್ಷಕಿಯು ಹೇಳಿಕೊಟ್ಟಳು. ಆದರೆ ಶಿಕ್ಷಕಿಗೇ ಕಲಿಯುವುದಕ್ಕೆ ಅಲ್ಲಿ ಒಂದು ಸಂಗತಿ ಕಾದಿತ್ತು. ಗಂಡಸರು ಊರನ್ನು ವರ್ಣಿಸುವಾಗ ಚಾವಡಿಯಿಂದ ಹೊಲಕ್ಕೆ ಹೋಗುತ್ತಿದ್ದರು. ಹೆಂಗಸರು ಅಡುಗೆಮನೆಯ ಹಿತ್ತಲ ಬಾಗಿಲಿನಿಂದ ಬಾವಿಗೆ, ಬಾವಿಯಿಂದ ಹೊಳೆಯ ಬಟ್ಟೆ ಒಗೆಯುವ ಕಲ್ಲಿಗೆ ಹೋಗುತ್ತಿದ್ದರು. ಒಂದೇ ಊರಿನಲ್ಲಿ ಎರಡು ಊರುಗಳಿದ್ದವು. ಇಷ್ಟು ವರ್ಷ ಭೂಗೋಲವನ್ನು ಕಲಿಸಿದರೂ ಇದನ್ನು ತಾವು ಯಾವ ಪುಸ್ತಕದಲ್ಲಿಯೂ ಓದಿರಲಿಲ್ಲವೆಂದು ನಮ್ಮ ಮುಂದೆ ಆಕೆ ಹೇಳುವಾಗ ಆಕೆಯ ಕಣ್ಣುಗಳು ಹತ್ತನೆಯ ಇಯತ್ತೆಯ ಹುಡುಗಿಯ ಕಣ್ಣುಗಳಂತೆ ಹೊಳೆಯುತ್ತಿದ್ದವು. ಒಲವಿಗೆ ಒಲವು ಕೂಡಿದರೆ ಇಬ್ಬರೂ ವಿದ್ಯಾರ್ಥಿನಿಯರಾಗುತ್ತಾರೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಡ.

ಶಿಕ್ಷಕಿಯ ಒಲವಿಗೆ ಒಂದು ಎಲ್ಲೆಯೂ ಬೇಕು. ಮುಧೋಳದ ಮಕ್ಕಳೆಲ್ಲರೂ ಕವಿ ರನ್ನನನ್ನು ಕುರಿತೇ ಕೆಲಸ ಮಾಡಲೆಂಬುದು ನಮ್ಮ ಕನ್ನಡ ಶಿಕ್ಷಕಿಯ ಆಸೆಯಾಗಿತ್ತು. ಮುದುವೊಳಲಿನಲ್ಲಿ ಹುಟ್ಟಿದ ಆ ಮಹಾಕವಿಯ ಊರಿನವರಿಗೆ ಅದು ಸಹಜವಾದ ಅಭಿಮಾನವೇ. ಆದರೆ ಇಬ್ಬರು ಹುಡುಗಿಯರಿಗೆ ರನ್ನನಿಗಿಂತ ಮುಧೋಳದ ನಾಯಿಯ ಮೇಲೆ ಪ್ರೀತಿ. ಆ ನಾಯಿಯೂ ಸಾಮಾನ್ಯವಲ್ಲ. ೨೦೦೫ರಲ್ಲಿ ಭಾರತದ ಅಂಚೆ ಇಲಾಖೆಯು ಅದರ ಚಿತ್ರವಿದ್ದ ಅಂಚೆಚೀಟಿಯನ್ನು ಹೊರಡಿಸಿತು, ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಅದಕ್ಕಾಗಿಯೇ ಒಂದು ಸಂಶೋಧನ ಕೇಂದ್ರವಿದೆ. ಬೇಟೆಯ ನಾಯಿಗಳಲ್ಲಿ ಕೆಲವು ವಾಸನೆಯನ್ನು ಹಿಡಿದು ಹೋಗುತ್ತವೆ, ಇದು ಕಣ್ಣಿನಿಂದ ನೋಡಿ ಅಟ್ಟುತ್ತದೆ. ಹಾಗಾದರೆ ಕತ್ತಲಾದಂತೆ ಅದರ ಓಟವು ಕಡಿಮೆಯಾಗುತ್ತದೆಯೋ ಎಂಬುದು ಹುಡುಗಿಯರ ಪ್ರಶ್ನೆಯು. ಕನ್ನಡ ಶಿಕ್ಷಕಿಯು ಮುನಿಸಿಕೊಳ್ಳಲಿಲ್ಲ. ನಾಯಿಯನ್ನು ಕುರಿತೇ ಬರೆಯಿರಿ, ಆದರೆ ಒಂದೊಂದು ವಾಕ್ಯವೂ ನೀವು ಕಣ್ಣಾರೆ ಕಂಡದ್ದಿರಲಿ, ಕೇಳಿದ್ದನ್ನು ಕೇಳಿದ್ದೆಂದೇ ಬರೆಯಿರಿ ಎಂದಳು. ಆ ಇಬ್ಬರೂ ಅಂಥ ಸ್ವಚ್ಛವಾದ ಗದ್ಯವನ್ನು ಮತ್ತೆಲ್ಲಿಯೂ ಬರೆದುದನ್ನು ನಾವು ಕಾಣೆವು. ಏನನ್ನು ಹುಡುಕಬೇಕೆಂಬುದನ್ನು ಹುಡುಗಿಯು ತರಲಿ; ಹೇಗೆ ಹುಡುಕಬೇಕೆಂಬುದನ್ನು ಶಿಕ್ಷಕಿಯು ಕೊಡಲಿ. ಈ ಒಪ್ಪಂದವಿದ್ದರೆ ಯಾರ ಒಲವೂ ಯಾರ ಒಲವನ್ನೂ ತುಳಿಯುವುದಿಲ್ಲ.

ಅಷ್ಟಕ್ಕೂ ರನ್ನನ ಜೀವನವೇ ಈ ಮಾತಿಗೆ ಸಾಕ್ಷಿಯಾಗಿದೆ. ಅವನು ಹುಟ್ಟಿದ್ದು ಬಳೆಗಾರರ ಕುಲದಲ್ಲಿ. ವಿದ್ಯೆಯ ಹಂಬಲದಿಂದ ಊರನ್ನು ಬಿಟ್ಟು ದಕ್ಷಿಣಕ್ಕೆ ಹೋಗಿ, ಅಜಿತಸೇನಾಚಾರ್ಯರಲ್ಲಿ ಓದಿದನು; ಚಾವುಂಡರಾಯನ ಆಶ್ರಯವನ್ನು ಪಡೆದನು. ಅವನಿಂದ ಅಜಿತಪುರಾಣವನ್ನು ಬರೆಯಿಸಿದವಳು ಅತ್ತಿಮಬ್ಬೆಯೆಂಬ ಹೆಣ್ಣುಮಗಳು. ಮುದ್ರಣಯಂತ್ರವಿಲ್ಲದ ಆ ಹತ್ತನೆಯ ಶತಮಾನದಲ್ಲಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದವಳೂ ಅವಳೇ. ಹಂಬಲವುಳ್ಳ ಬಳೆಗಾರನ ಮಗ, ಪುಸ್ತಕದ ಪ್ರೀತಿಯುಳ್ಳ ಒಬ್ಬ ಗೃಹಿಣಿ, ಇವರಿಬ್ಬರೂ ತಮ್ಮ ತಮ್ಮ ಒಲವನ್ನು ಬಿಟ್ಟುಕೊಟ್ಟಿದ್ದರೆ ಕನ್ನಡವು ಎಷ್ಟು ಬಡವಾಗುತ್ತಿತ್ತು!

“ಇದೆಲ್ಲಾ ಆಟ ಆತ್ರಿ, ಓದೂದು ಯಾವಾಗ?” ಎಂದು ಕೆಲವರು ಕೇಳಬಹುದು. ಜಮಖಂಡಿಯ ಸೀಮೆಯವರಿಗೆ ಇದರ ಉತ್ತರವು ಮನೆಯ ಹತ್ತಿರವೇ ಇದೆ. ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ರೈತರೇ ಹಣ ಕೂಡಿಸಿ, ತಾವೇ ದುಡಿದು ೧೯೮೯ರಲ್ಲಿ ಬ್ಯಾರೇಜನ್ನು ಕಟ್ಟಿ ಮುಗಿಸಿದರು. ೨೦೧೮ರಲ್ಲಿ ತೀರಿಕೊಂಡ ಸಿದ್ದು ನ್ಯಾಮಗೌಡರು ಅದರ ಮುಂದಾಳುಗಳಾಗಿದ್ದು, ‘ಬ್ಯಾರೇಜ್ ಸಿದ್ದು’ ಎಂದೇ ಹೆಸರಾದರು. ಶ್ರಮಬಿಂದು ಸಾಗರವೆಂಬ ಅದರ ಹೆಸರೇ ಎಲ್ಲವನ್ನೂ ಹೇಳುತ್ತದೆ. ಹೊಲಕ್ಕೆ ನೀರು ಬೇಕೆಂಬ ಹಂಬಲವು ಮೊದಲು. ಅಡಿಪಾಯ, ಸಿಮೆಂಟು, ಲೆಕ್ಕಪತ್ರ, ಸರಕಾರದ ಒಪ್ಪಿಗೆ, ಇವುಗಳ ತಿಳಿವಳಿಕೆಯು ಆ ಹಂಬಲದ ಹಿಂದಿನಿಂದ ಬಂದಿತು. ಆ ಕಾಲದಲ್ಲಿ ಕಲ್ಲು ಹೊತ್ತ ಅಜ್ಜಂದಿರು ಇನ್ನೂ ನಮ್ಮ ಎಷ್ಟೋ ಮಕ್ಕಳ ಮನೆಗಳಲ್ಲಿ ಇದ್ದಾರೆ. ಅವರಿಗೆ ಯೋಜನಾಪದ್ಧತಿಯನ್ನು ನಾವು ಕಲಿಸಿಕೊಡಬೇಕಾದುದಿಲ್ಲ.

ಈ ಪದ್ಧತಿಯಿಂದ ಎಲ್ಲ ಹುಡುಗಿಯರೂ ಪ್ರಥಮ ದರ್ಜೆಯಲ್ಲಿ ಪಾಸಾಗುತ್ತಾರೆಂದು ನಾವು ಹೇಳಲಾರೆವು. ಪುಸ್ತಕವನ್ನು ಓದಲೇಬೇಕು, ಪಾಠವನ್ನು ಬಾಯಿಪಾಠ ಮಾಡಬೇಕಾದಲ್ಲಿ ಮಾಡಲೇಬೇಕು. ಒಲವಿನಿಂದ ಆರಂಭಿಸಿದ ಕೆಲಸವೂ ನಡುವೆ ಬೇಸರ ತರುವುದುಂಟು; ಕಂಡಿಕೆಯ ನಿಮಿಷಗಳನ್ನು ಹನ್ನೊಂದನೆಯ ದಿನ ಬರೆಯುವಾಗ ಯಾರಿಗೂ ಉತ್ಸಾಹವಿರುವುದಿಲ್ಲ. ಆಗ ಅವಳನ್ನು ಮುಂದಕ್ಕೆ ನಡೆಸುವುದು ನಮ್ಮ ಬೆದರಿಕೆಯಲ್ಲ, ತಾನೇ ಬರೆದ ಮೊದಲನೆಯ ಪುಟದ ಪ್ರಶ್ನೆಯು. ತನಗೆ ಬೇಕಾದುದನ್ನು ಹೇಳಿ, ಅದಕ್ಕೆ ಕಾರಣವನ್ನು ಕೊಟ್ಟು, ಬೇಸರದ ದಿನಗಳಲ್ಲಿಯೂ ಅದನ್ನು ಬಿಡದೆ ಮುಗಿಸಿದ ಹುಡುಗಿಯು, ಮುಂದೆ ಮನೆಯವರು ಅವಳ ಓದಿನ ವಿಷಯವನ್ನೋ ಮದುವೆಯ ವಿಷಯವನ್ನೋ ಎತ್ತಿದಾಗ, “ನೀವು ಹೇಳಿದ್ದು ಮಾಡ್ತೀನಿ” ಎಂದು ತಲೆ ತಗ್ಗಿಸಿ ಸುಮ್ಮನಾಗಲಾರಳು. ಹಿರಿಯರೊಡನೆ ಕುಳಿತು, ಮರ್ಯಾದೆಯಿಂದಲೇ, ತನ್ನ ಮಾತನ್ನೂ ಹೇಳುವಳು. ಹುಡುಗಿಗೆ ಏನು ಬರುತ್ತದೆಂಬುದಕ್ಕೆ ನಮ್ಮ ಉತ್ತರವು ಇದೇ.

ಕೊನೆಯದಾಗಿ ಎರಡು ಬಿನ್ನಹಗಳು. ಪಾಲಕರೇ, ಮಗಳ ಯೋಜನೆಯನ್ನು ನೀವು ಮಾಡಿಕೊಡಬೇಡಿರಿ, ಅಂಗಡಿಯಿಂದಲೂ ತರಬೇಡಿರಿ. ಅವಳು ಪ್ರಶ್ನೆ ಕೇಳಿದರೆ ಗೊತ್ತಿದ್ದಷ್ಟನ್ನು ಹೇಳಿರಿ; ಅಜ್ಜಿಯ ಬಳಿ ಕುಳ್ಳಿರಿಸಿರಿ; ಗಡಿಯಾರ ಬೇಕೆಂದರೆ ಕೊಡಿರಿ. ಮಾಜಿ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ದಾದಿಯರಿದ್ದೀರಿ, ಶಿಕ್ಷಕಿಯರಿದ್ದೀರಿ, ಬ್ಯಾಂಕಿನಲ್ಲಿ ಕೆಲಸ ಮಾಡುವವರಿದ್ದೀರಿ, ಹೊಲ ಮನೆ ನೋಡಿಕೊಳ್ಳುವವರಿದ್ದೀರಿ. ನಿಮಗೆ ಯಾವ ಕೆಲಸದ ಮೇಲೆ ನಿಜವಾದ ಪ್ರೀತಿಯಿದೆಯೋ ಅದನ್ನು ತೆಗೆದುಕೊಂಡು ಒಂದು ಶನಿವಾರ ಶಾಲೆಗೆ ಬನ್ನಿರಿ. ಭಾಷಣ ಬೇಡ. ನಿಮ್ಮ ಕೆಲಸದಲ್ಲಿ ನಿಮಗೆ ಇನ್ನೂ ತಿಳಿಯದೆ ಉಳಿದಿರುವ ಒಂದು ಸಂಗತಿಯನ್ನು ನಮ್ಮ ಹುಡುಗಿಯರ ಮುಂದೆ ಇಡಿರಿ, ಸಾಕು. ಶನಿವಾರ ಮಧ್ಯಾಹ್ನದ ಪಾಠಗಳು ಮುಗಿಯುವ ವರೆಗೆ ನಾವು ನಮ್ಮ ಕೋಣೆಯಲ್ಲಿಯೇ ಇರುತ್ತೇವೆ. ತಮ್ಮ ದಾರಿಯನ್ನು ನೋಡುತ್ತಿರುತ್ತೇವೆ.